ಎಡಚರ ದೊಡ್ಡ ರೈಫಲ್‌ಗೆ ಯಾವ ಆ್ಯಕ್ಷನ್?

ರಾಗಿ ಕೊಯ್ಯುವ ಹಲ್ಲು ಕುಡುಗೋಲನ್ನು ಎಡಚರ ಕೈಗೆ ಕೊಟ್ಟು ನೋಡಿ. ಹಲ್ಲು ತೆಗೆದಿರುವುದು ಅಲಗಿನ ಒಂದೇ ಮಗ್ಗುಲಿಗೆ. ಬಲಗೈಯಲ್ಲಿ ಎಳೆದರೆ ಬುಡಕ್ಕೆ ಕಚ್ಚುವ ಅಲಗು ಎಡಗೈಯಲ್ಲಿ ಜಾರುತ್ತದೆ, ಪೈರು ತುಂಡಾಗದೆ ಬಗ್ಗುತ್ತದೆ. ಶಿರಾದಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ ಎಡಗೈ ಕುಡುಗೋಲು ಬೇಕೆಂದರೆ ಕುಲುಮೆಯವರಿಗೆ ಬಾಯಿಬಿಟ್ಟು ಹೇಳಿಯೇ ಮಾಡಿಸಬೇಕು. ಬೋಲ್ಟ್ ರೈಫಲ್ಲೂ ಇದೇ ಜಾತಿಯದು. ಪ್ರತಿ ಗುಂಡಿಗೂ ಹಿಡಿ ಹಿಡಿದು ಹಿಂದೆಳೆದು ಮುಂದೆ ತಳ್ಳಬೇಕಾದ ಬೋಲ್ಟ್, ಅದು ಓಡಾಡುವ ಉಕ್ಕಿನ ಗೂಡು, ಎರಡೂ ಸೇರಿದ್ದೇ ಆ್ಯಕ್ಷನ್, ಅದನ್ನು ಸಾಮಾನ್ಯವಾಗಿ ಬಲಗೈಗೆಂದೇ ಮಾಡಿರುತ್ತಾರೆ. ಕುಡುಗೋಲು ಜಾರಿದರೆ ಒಂದು ಹಿಡಿ ರಾಗಿ ಹೋಗುತ್ತದೆ. ಕಾಡೆಮ್ಮೆಯ ಎದುರು ಎರಡನೇ ತೋಟಾ ನಳಿಗೆಗೆ ಏರದೆ ಹೋದರೆ ಆಗುವ ಲೆಕ್ಕವೇ ಬೇರೆ.

ಮೊದಲೇ ಒಂದು ಮಾತು. ನಮ್ಮ ನೆಲದಲ್ಲಿ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಅದನ್ನು ನಿಷೇಧಿಸಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗವಿರಲಿ, ಬಂಗಾರಪೇಟೆ ಗಡಿಗೆ ಇಳಿಯುವ ಆನೆಯಿರಲಿ, ಬೆಳೆ ತಿಂದಿತು ಎಂಬ ಕಾರಣಕ್ಕೆ ಯಾರೂ ಗುಂಡು ಹೊಡೆಯುವಂತಿಲ್ಲ. ಈ ಬರಹ ಇರುವುದು ಇಲ್ಲಿಂದ ಹೋಗಿ ಅಮೆರಿಕ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು ಎಲ್ಕ್ (ಅಮೆರಿಕದ ದೊಡ್ಡ ಜಿಂಕೆ), ಕುಡು (ಆಫ್ರಿಕಾದ ಸುರುಳಿ ಕೊಂಬಿನ ಜಿಂಕೆಯಂಥ ಪ್ರಾಣಿ), ಕಾಡೆಮ್ಮೆಯಂಥ ದೊಡ್ಡ ಪ್ರಾಣಿಗಳ ಬೇಟೆಗೆ ತಮ್ಮ ಅಳತೆಗೆ ರೈಫಲ್ ಕಟ್ಟಿಸಹೊರಟ ಎಡಗೈಯವರಿಗೆ. ಊರಿನ ಮನೆಯಲ್ಲಿ ತಾತನ ಕಾಲದ ಕೋವಿ ಇರುವ ಎಡಚರಿಗೂ ಕೊನೆಯಲ್ಲಿ ಒಂದಿಷ್ಟಿದೆ.

ಬಲಗೈ ಬೋಲ್ಟ್ ಎಡ ಭುಜಕ್ಕೆ ಬಂದಾಗ

ರೈಫಲನ್ನು ಎಡ ಭುಜಕ್ಕೆ ಏರಿಸಿದರೆ ಎಡಗೆನ್ನೆ ಸ್ಟಾಕಿನ (ಭುಜಕ್ಕೆ ಆನಿಸುವ ಮರದ ಭಾಗದ) ಬಲ ಮಗ್ಗುಲಿಗೆ ಒರಗುತ್ತದೆ. ಬಲಗೈಯವರ ರೈಫಲ್‌ನಲ್ಲಿ ಬೋಲ್ಟಿನ ಹಿಡಿಯೂ ಖಾಲಿ ತೋಟಾ ಹಾರುವ ಕಿಂಡಿಯೂ ಅದೇ ಮಗ್ಗುಲಲ್ಲಿವೆ. ಬೋಲ್ಟ್ ತೆರೆಯಲು ಎರಡೇ ದಾರಿ. ಎಡಗೈಯನ್ನು ಟ್ರಿಗರ್‌ನಿಂದ ಬಿಡಿಸಿ ದೂರದರ್ಶಕದ ಮೇಲಿಂದ ಆಚೆಗೆ ಚಾಚಬೇಕು, ಇಲ್ಲವೇ ಮುಂದೆ ನಳಿಗೆಯನ್ನು ಹೊತ್ತಿರುವ ಬಲಗೈಯನ್ನು ಹಿಂದಕ್ಕೆ ತರಬೇಕು. ಮೊದಲನೆಯದರಲ್ಲಿ ತಲೆ ಏಳುತ್ತದೆ, ಗುರಿ ಹೋಗುತ್ತದೆ. ಎರಡನೆಯದರಲ್ಲಿ ನಾಲ್ಕು ಕಿಲೋ ತೂಕ ಭುಜದ ಮೇಲೊಂದೇ ಜೋತು ಬೀಳುತ್ತದೆ. ಮೇಜಿನ ಮೇಲೆ ಮರಳು ಚೀಲಕ್ಕೆ ಒರಗಿಸಿ ಹೊಡೆಯುವಾಗ ಇದು ತೊಂದರೆಯೇ ಅಲ್ಲ, ಬದಲಿಗೆ ಅನುಕೂಲ. ನಿಂತು ಹೊಡೆಯುವವರಿಗೆ ಇದೇ ದೊಡ್ಡ ಕೊರತೆ.

ಇನ್ನೊಂದು ಕಾರಣವನ್ನು ಅಂಗಡಿಯವರು ಹೇಳುವುದಿಲ್ಲ. ಪ್ರೈಮರ್ (ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಬಟ್ಟಲು) ತೂತಾದರೆ ಅಥವಾ ತೋಟಾದ ತಳ ಒಡೆದರೆ ಬಿಸಿ ಅನಿಲ ಎಲ್ಲಿ ಸಂದಿ ಸಿಕ್ಕರೆ ಅಲ್ಲಿ ನುಗ್ಗುತ್ತದೆ. ಕಿಂಡಿ ಬಲಕ್ಕಿದ್ದರೆ ಬಲಗೈಯವರ ಮುಖ ಅದರ ಆಚೆ ಮಗ್ಗುಲಲ್ಲಿರುತ್ತದೆ, ಎಡಚರ ಮುಖ ಅದರ ಪಕ್ಕದಲ್ಲೇ. ನೂರಕ್ಕೆ ನೂರು ಸಲ ಕನ್ನಡಕ ಹಾಕಿಯೇ ಹೊಡೆಯಿರಿ, ಅದು ಬೇರೆ ಮಾತು. ಆದರೆ ಕೈಯಾರೆ ದುಡ್ಡು ಕೊಟ್ಟು ಕಟ್ಟಿಸುವ ರೈಫಲ್‌ಗೆ ಬಲಗೈ ಆ್ಯಕ್ಷನ್ ಹಾಕಿಸಿ 'ಅಭ್ಯಾಸ ಆಗುತ್ತೆ ಬಿಡಿ' ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಬರೀ 'ಎಡಗೈ ಆ್ಯಕ್ಷನ್' ಎಂದು ಬರೆದಿದ್ದರೂ ಸಾಲದು. ಗುರಿ ಸ್ಪರ್ಧೆಯವರಿಗಾಗಿ ಬೋಲ್ಟ್ ಎಡಕ್ಕೆ, ಕಿಂಡಿ ಬಲಕ್ಕೆ ಇರುವ ಬೆರಕೆಗಳೂ ಬರುತ್ತವೆ. ಮೇಜಿನ ಮೇಲೆ ಒಂದು ಕೈಯಲ್ಲಿ ಬೋಲ್ಟ್, ಇನ್ನೊಂದರಲ್ಲಿ ತೋಟಾ ಎಂದು ಹೊಡೆಯುವ ಬಲಗೈಯವರಿಗೆ ಅದು ಸರಿ. ಬೇಟೆಗೆ ಬೋಲ್ಟೂ ಕಿಂಡಿಯೂ ಎರಡೂ ಎಡಕ್ಕಿರಬೇಕು. ಆರ್ಡರ್ ಚೀಟಿಯಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿ.

ದುಡ್ಡು ಹಾಕುವ ಮುಂಚೆ ಕಣ್ಣು

ಎಡಗೈಯಲ್ಲಿ ಊಟ ಮಾಡುವವರೆಲ್ಲ ಎಡಗಣ್ಣಿನವರಲ್ಲ. ಎರಡೂ ಕೈ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ತೆಂಗಿನ ಮರದ ಒಂದು ಗೊನೆಯನ್ನು ಆ ಕಿಂಡಿಯಲ್ಲಿ ಹಿಡಿಯಿರಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಗೊನೆ ಕಿಂಡಿಯಿಂದ ಮಾಯವಾಗುತ್ತದೋ ಅದೇ ಯಜಮಾನ ಕಣ್ಣು. ಅದು ಬಲಗಣ್ಣಾಗಿದ್ದು, ನೀವು ಇನ್ನೂ ಹೊಸಬರಾಗಿದ್ದರೆ, ಬಲ ಭುಜದಿಂದ ಕಲಿಯುವುದು ಅಗ್ಗ, ಸುಲಭ, ಅಂಗಡಿಯ ತುಂಬಾ ಆಯ್ಕೆ. ಹತ್ತಾರು ವರ್ಷ ಎಡ ಭುಜದಿಂದಲೇ ಹೊಡೆದು ಕೈ ಪಳಗಿದ್ದರೆ ಎಡಕ್ಕೇ ಇರಿ. ದೂರದರ್ಶಕ ಇದ್ದರೆ ಈ ತಕರಾರು ಅರ್ಧ ಕಡಿಮೆಯಾಗುತ್ತದೆ. ಬರಿಗಣ್ಣಿನ ಗುರಿಮುಳ್ಳಿನಲ್ಲಿ ಮಾತ್ರ ಗುಂಡು ಪಕ್ಕಕ್ಕೆ ಹೋಗುತ್ತಲೇ ಇರುತ್ತದೆ, ಕಾರಣವೂ ಗೊತ್ತಾಗುವುದಿಲ್ಲ.

ಮೊದಲು ತೋಟಾದ ಉದ್ದ, ಆಮೇಲೆ ಆ್ಯಕ್ಷನ್

ಬಲಗೈಯವರು ತೋಟಾ ಆರಿಸಿ ಆಮೇಲೆ ಅದಕ್ಕೆ ತಕ್ಕ ಆ್ಯಕ್ಷನ್ ಹುಡುಕುತ್ತಾರೆ. ಎಡಗೈಯವರು ಎರಡನ್ನೂ ಒಟ್ಟಿಗೆ ತಕ್ಕಡಿಗೆ ಹಾಕಬೇಕು. ಕಾರಣ ಇಷ್ಟೇ, ಎಡಗೈಗೆ ಮಾಮೂಲು ಉದ್ದದ ಆ್ಯಕ್ಷನ್‌ಗಳು ನಾಲ್ಕಾರು ಸಿಗುತ್ತವೆ, ಪೂರ್ತಿ ಉದ್ದದ ಮ್ಯಾಗ್ನಮ್ (ಹೆಚ್ಚು ಮದ್ದಿನ ದೊಡ್ಡ ತೋಟಾದ) ಆ್ಯಕ್ಷನ್‌ಗಳು ಬೆರಳೆಣಿಕೆ.

ತೋಟಾದ ಹೆಸರಿನಲ್ಲಿರುವ .308, .375 ಎಂಬಂಥ ಅಂಕಿ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ. .308 ತೋಟಾ ಗುಂಡು ಸಮೇತ ಸುಮಾರು 71 ಮಿ.ಮೀ. .30-06 ಸುಮಾರು 85 ಮಿ.ಮೀ., .300 ವಿಂಚೆಸ್ಟರ್ ಮ್ಯಾಗ್ನಮ್, .458 ವಿಂಚೆಸ್ಟರ್ ಮ್ಯಾಗ್ನಮ್, .375 ರೂಗರ್ ಎಲ್ಲವೂ ಇದೇ 85ರ ಅಳತೆಗೆ ಕೂರುವಂಥವು. 1912ರ .375 ಎಚ್ ಅಂಡ್ ಎಚ್ (ಹಾಲಂಡ್ ಅಂಡ್ ಹಾಲಂಡ್) 91 ಮಿ.ಮೀ. ದಾಟುತ್ತದೆ. 1911ರ .416 ರಿಗ್ಬಿ 95 ಮಿ.ಮೀ. ಇನ್ನು ತೋಟಾದ ತಳ. .30-06ರ ತಳ 12 ಮಿ.ಮೀ., ಎಚ್ ಅಂಡ್ ಎಚ್ ಮತ್ತು ರೂಗರ್‌ದು 13.5, ರಿಗ್ಬಿಯದು 15. ಬೋಲ್ಟಿನ ಮುಖ ಈ ತಳಕ್ಕೆ ತಕ್ಕಂತೆ ಕಡೆದಿರಬೇಕು. 12ರ ಮುಖವನ್ನು 13.5ಕ್ಕೆ ದೊಡ್ಡದು ಮಾಡಿಸಬಹುದು. 13.5 ಅನ್ನು 12ಕ್ಕೆ ಇಳಿಸುವುದು ಎಂದರೆ ಹೊಸ ಬೋಲ್ಟ್ ಎಂದೇ ಲೆಕ್ಕ.

ಎಡಚರು ಮುಗ್ಗರಿಸುವ ಜಾಗ ಇದು. ಉದ್ದದ ಎಡಗೈ ಆ್ಯಕ್ಷನ್ ಸಿಗಲಿಲ್ಲವೆಂದು ಮಾಮೂಲು ಉದ್ದದ್ದನ್ನು ಹಿಡಿದು, ತೋಟಾ ನಳಿಗೆಗೆ ಏರುವ ಮುಂದಿನ ಇಳಿಜಾರನ್ನೂ ಹಿಂದಿನ ಗೋಡೆಯನ್ನೂ ಕೊರೆಸಿ .375 ಎಚ್ ಅಂಡ್ ಎಚ್ ತುರುಕಿಸುತ್ತಾರೆ. ಮುಂದಿನ ಆ ಇಳಿಜಾರಿನ ಮೇಲೆಯೇ ಕೆಳಗಿನ ಲಗ್ (ಮುಚ್ಚಿದ ಬೋಲ್ಟನ್ನು ಬೀಗ ಹಿಡಿಯುವ ಹಲ್ಲು) ಕೂರುವ ಆಸರೆ ಇರುವುದು. ಉಕ್ಕು ಕಡಿಮೆಯಾದಷ್ಟೂ ಆಸರೆ ತೆಳ್ಳಗಾಗುತ್ತದೆ. ಇಳಿಜಾರು ಕಡಿದಾಗುವುದರಿಂದ ತೋಟಾದ ಮೂತಿಯೂ ಗೋಡೆಗೆ ಬಡಿಯಲು ಶುರುವಾಗುತ್ತದೆ. ಹಳೇ ಬಲಗೈ ಮೌಸರ್‌ಗಳಲ್ಲಿ ಈ ಕೆಲಸ ಬಹಳ ನಡೆದಿದೆ ನಿಜ, ಈಗ ಅದರ ಅಗತ್ಯವೇ ಇಲ್ಲ. 2007ರಲ್ಲಿ ಬಂದ .375 ರೂಗರ್ ಬಹುಮಟ್ಟಿಗೆ ಎಚ್ ಅಂಡ್ ಎಚ್‌ನ ಕೆಲಸವನ್ನೇ ಮಾಡುತ್ತದೆ, ತೋಟಾದ ತಳದ ಬಳಿ ಉಬ್ಬಿದ ಸೊಂಟಪಟ್ಟಿ ಇಲ್ಲ, ಮಾಮೂಲು ಆ್ಯಕ್ಷನ್ನಿನಲ್ಲಿ ಕೂರುತ್ತದೆ. ಎಡಗೈಯವರಿಗೆ ಈ ತೋಟಾ ವರದಾನವೇ. ಅದರ ಒಂದೇ ಐಬು, ಆಫ್ರಿಕಾದ ಒಳನಾಡಿನ ಅಂಗಡಿಯಲ್ಲಿ ಎಚ್ ಅಂಡ್ ಎಚ್ ಸಿಕ್ಕಷ್ಟು ಸುಲಭಕ್ಕೆ ಅದು ಸಿಗುವುದಿಲ್ಲ. ವಿಮಾನದಲ್ಲಿ ಪೆಟ್ಟಿಗೆ ತಪ್ಪಿಹೋದರೆ ಕಷ್ಟ. ಅಂದ ಹಾಗೆ, ಅಪಾಯದ ಪ್ರಾಣಿಗಳಿಗೆ .375ಕ್ಕಿಂತ ಚಿಕ್ಕದನ್ನು ಅಲ್ಲಿನ ಹಲವು ದೇಶಗಳು ಒಪ್ಪುವುದಿಲ್ಲ. ಎಲ್ಕ್, ಕುಡು, ಮೂಸ್ ಮಾತ್ರ ಎನ್ನುವವರಿಗೆ .30-06 ಅಥವಾ .300 ಸಾಕೇ ಸಾಕು.

ಕೊಕ್ಕೆ ಯಾವಾಗ ಹಿಡಿಯುತ್ತದೆ ಎಂಬುದೇ ಪ್ರಶ್ನೆ

ಬೋಲ್ಟ್ ಆ್ಯಕ್ಷನ್‌ಗಳಲ್ಲಿ ಎರಡು ಕುಲ. ಮೌಸರ್ 98ರ ಕುಲದಲ್ಲಿ ತೋಟಾ ಮ್ಯಾಗಜೀನಿನಿಂದ ಮೇಲೇಳುತ್ತಿದ್ದಂತೆ ಅದರ ತಳ ಉದ್ದನೆಯ ಎಕ್ಸ್‌ಟ್ರಾಕ್ಟರ್ (ತೋಟಾವನ್ನು ನಳಿಗೆಯಿಂದ ಎಳೆದು ತೆಗೆಯುವ) ಕೊಕ್ಕೆಯ ಕೆಳಗೆ ಜಾರಿ ಕೂರುತ್ತದೆ. ಆಗಿನಿಂದ ತೋಟಾ ಬೋಲ್ಟಿನ ಕೈಯಲ್ಲಿ. ಅರ್ಧ ತಳ್ಳಿ ಹಿಂದಕ್ಕೆಳೆದರೆ ತೋಟಾವೂ ಹಿಂದಕ್ಕೆ ಬಂದು ಆಚೆ ಬೀಳುತ್ತದೆ. ಇನ್ನೊಂದು ಕುಲ, ರೆಮಿಂಗ್ಟನ್ 700ರಂಥದ್ದು, ತೋಟಾವನ್ನು ಬರೀ ಮುಂದಕ್ಕೆ ದೂಡುತ್ತದೆ. ಕೊಕ್ಕೆ ಹಿಡಿಯುವುದು ಬೋಲ್ಟ್ ಪೂರ್ತಿ ಮುಚ್ಚಿದಾಗಲೇ. ಗಾಬರಿಯಲ್ಲಿ ತಳ್ಳಿ, ಹಿಡಿ ಕೆಳಗೆ ಮಡಿಸುವ ಮುಂಚೆ ಮತ್ತೆ ಎಳೆದಿರೋ, ಮೊದಲ ತೋಟಾ ನಳಿಗೆಯ ಬಾಯಲ್ಲೇ ಉಳಿದು, ಎರಡನೆಯದು ಅದರ ಬೆನ್ನಿಗೆ ಗುದ್ದಿ, ಎರಡೂ ಸಿಕ್ಕಿಕೊಳ್ಳುತ್ತವೆ. ಬೆರಳು ಹಾಕಿ ಕೀಳುವಷ್ಟರಲ್ಲಿ ಎಮ್ಮೆ ಎಲ್ಲಿರುತ್ತದೋ.

ಹಾಗೆಂದು ದೂಡುವ ಕುಲ ಕೀಳಲ್ಲ. ದೂರದಿಂದ ಒಂದೇ ಗುಂಡಿನಲ್ಲಿ ಮುಗಿಯುವ ಬೇಟೆಗೆ ಅದರ ನಿಖರತೆಯೇ ಮುಖ್ಯ, ಅದೂ ಅಗ್ಗದಲ್ಲಿ. ಬಲಗೈಯವರ ಲೋಕದಲ್ಲಿ ನಡೆಯುವ ಈ ಎರಡು ಕುಲಗಳ ಜಗಳದಲ್ಲಿ ಅರ್ಧ ಹಠ, ಅರ್ಧ ಶಾಸ್ತ್ರ. ನಮ್ಮ ಲೆಕ್ಕ ಸರಳ: ತಿರುಗಿ ಬೀಳುವ ಪ್ರಾಣಿಯಾದರೆ ಹಿಡಿಯುವ ಕೊಕ್ಕೆ, ಓಡಿಹೋಗುವ ಪ್ರಾಣಿಯಾದರೆ ಯಾವುದಾದರೂ ಸರಿ.

ಹಿಡಿಯುವ ಕೊಕ್ಕೆಯಲ್ಲೂ ಒಂದು ಪರೀಕ್ಷೆ ಇದೆ. ಮ್ಯಾಗಜೀನ್ ಖಾಲಿಯಿದ್ದಾಗ ಒಂದು ತೋಟಾವನ್ನು ಕೈಯಿಂದ ನೇರವಾಗಿ ನಳಿಗೆಗೆ ಹಾಕಿ ಬೋಲ್ಟ್ ಮುಚ್ಚಿದರೆ, ಹಳೇ ಮೌಸರ್ ಕೊಕ್ಕೆ ತೋಟಾದ ಅಂಚಿನ ಮೇಲೆ ಹತ್ತದೆ ನಿಂತುಬಿಡುತ್ತದೆ. ಬಲವಂತ ಮಾಡಿದರೆ ಕೊಕ್ಕೆಯ ತುದಿ ಮುರಿಯಬಹುದು. ತುದಿಗೆ ಸರಿಯಾದ ಇಳಿಜಾರು ಕೊಟ್ಟಿದ್ದರೆ ಹತ್ತುತ್ತದೆ. ಕಟ್ಟುವವರಿಗೆ ಈ ಕೆಲಸವನ್ನೂ ಹೇಳಿಯೇ ಮಾಡಿಸಿ.

ಒಂದೊಂದಾಗಿ

ಸೈನ್ಯದ ಹಳೇ ಮೌಸರ್ ತಂದು ಅದರ ಮೇಲೆ ಬೇಟೆ ರೈಫಲ್ ಕಟ್ಟಿಸುವುದು ಒಂದು ಕಾಲದಲ್ಲಿ ಬಡವರ ದಾರಿ. ಅದು ಎಡಗೈಯವರಿಗೆ ಮುಚ್ಚಿದೆ. ಯಾವ ಸೈನ್ಯವೂ ಎಡಚ ಸಿಪಾಯಿಗೆಂದು ಬೇರೆ ಮೌಸರ್ ಮಾಡಿಸಲಿಲ್ಲ. ಎಡಗೈ ಮೌಸರ್ ಬೇಕೆಂದರೆ ಹೊಸದಾಗಿ ಮಾಡಿದ್ದೇ ಆಗಬೇಕು. ಸರ್ಬಿಯಾದ ಝಸ್ತಾವಾ ಎಂ70 ಎಡಗೈಗೂ ಬಂದಿದೆ. ಒರಟು ಕೆಲಸ, ಗಟ್ಟಿ ಉಕ್ಕು. ಲಗ್‌ಗಳ ದಾರಿಯನ್ನು ಉಜ್ಜಿ ನುಣುಪು ಮಾಡಿಸಿದರೆ ಒಳ್ಳೆಯ ಅಡಿಪಾಯ. ಅದರ ಎದುರು ತುದಿಯಲ್ಲಿ ಗ್ರಾನೈಟ್ ಮೌಂಟನ್ ಆರ್ಮ್ಸ್‌ನಂಥವರ ಪೂರ್ತಿ ಉದ್ದದ ಮ್ಯಾಗ್ನಮ್ ಮೌಸರ್‌ಗಳಿವೆ. ರಿಗ್ಬಿ ತೋಟಾ ಬಿಡುವುದೇ ಇಲ್ಲ ಎಂದು ಕೂತವರಿಗೆ ಅದೇ ಗತಿ. ಬರಿಯ ಆ್ಯಕ್ಷನ್ನಿನ ಬೆಲೆಗೇ ಒಳ್ಳೆಯ ಕಾರ್ಖಾನೆ ರೈಫಲ್‌ಗಳು ಒಂದಕ್ಕಿಂತ ಹೆಚ್ಚು ಬರುತ್ತವೆ, ಕಾಯುವ ಸಮಯ ಬೇರೆ.

ವಿಂಚೆಸ್ಟರ್ 70 ನಮ್ಮ ಮೊದಲ ಆಯ್ಕೆ. 1936ರ ವಿನ್ಯಾಸ. 1964ರಲ್ಲಿ ಖರ್ಚು ಉಳಿಸಲು ಕೊಕ್ಕೆ ಬಿಟ್ಟು ದೂಡುವ ಕುಲಕ್ಕೆ ಸೇರಿಸಿದರು, 1990ರ ದಶಕದಲ್ಲಿ 'ಕ್ಲಾಸಿಕ್' ಹೆಸರಲ್ಲಿ ಕೊಕ್ಕೆ ಮರಳಿತು. ಎಡಗೈಯವರು ಹುಡುಕಬೇಕಾದ್ದು ಈ ಕ್ಲಾಸಿಕ್ ಕಾಲದ ಎಡಗೈ ರೈಫಲ್‌ಗಳನ್ನು. ನಳಿಗೆಯ ಬಾಯಿ ಆಲಿಕೆಯಂತೆ ಇಳಿಜಾರಾಗಿರುವುದರಿಂದ ತೋಟಾ ಸೊಟ್ಟಗೆ ಬಂದರೂ ಒಳಗೆ ಜಾರುತ್ತದೆ. ಸೇಫ್ಟಿಗೆ ಮೂರು ನಿಲುವು: ಪೂರ್ತಿ ಹಿಂದೆ ಇದ್ದರೆ ತೋಟಾಗೆ ಬಡಿಯುವ ಪಿನ್ನೂ ಬೋಲ್ಟೂ ಬೀಗ, ನಡುವೆ ಇದ್ದರೆ ಪಿನ್ ಬೀಗ ಆದರೆ ಬೋಲ್ಟ್ ತೆರೆದು ತೋಟಾ ಇಳಿಸಬಹುದು, ಮುಂದೆ ಎಂದರೆ ಸಿದ್ಧ. ಬೀಗ ಹಿಡಿಯುವುದು ಟ್ರಿಗರನ್ನಲ್ಲ, ಪಿನ್ನನ್ನೇ, ಅದು ದೊಡ್ಡ ಸಮಾಧಾನ. ಎಡಗೈ ರೈಫಲ್‌ನಲ್ಲಿ ಈ ಸೇಫ್ಟಿ ಎಡ ಮಗ್ಗುಲಿಗೆ, ಎಡ ಹೆಬ್ಬೆರಳಿಗೆ ಸಿಗುವಂತೆ ಇದೆಯೇ ನೋಡಿ. ಬಲಗೈ ಬಿಡಿಭಾಗ ಹಾಕಿ ಹೊಂದಿಸಿದ ಸೆಕೆಂಡ್ ಹ್ಯಾಂಡ್ ಮಾಲೂ ಬರುತ್ತದೆ.

ಬರಿಯ ಎಡಗೈ ಆ್ಯಕ್ಷನ್ ಹುಡುಕುವುದಕ್ಕಿಂತ ಇಡೀ ಎಡಗೈ ರೈಫಲ್ ಕೊಂಡು, ನಳಿಗೆ ಸ್ಟಾಕ್ ಎರಡನ್ನೂ ಕಳಚಿ ಮಾರಿಬಿಡುವುದು ಎಷ್ಟೋ ಸಲ ಅಗ್ಗ. ಆಗ ಒಂದು ಎಚ್ಚರ ಬೇಕು. ಕೊಳ್ಳುವ ರೈಫಲ್‌ನ ತೋಟಾ ನಿಮಗೆ ಬೇಕಾದ ತೋಟಾದ ಕುಟುಂಬದ್ದೇ ಆಗಿರಲಿ. .375 ಎಚ್ ಅಂಡ್ ಎಚ್ ಬೇಕಾದರೆ ಅದೇ ತೋಟಾದ ರೈಫಲ್. .30-06ದನ್ನು ಕೊಂಡು ಬದಲಿಸಹೊರಟರೆ ಬೋಲ್ಟ್ ಮುಖ, ಮ್ಯಾಗಜೀನ್ ಪೆಟ್ಟಿಗೆ, ಕೊಕ್ಕೆ, ಎಲ್ಲಕ್ಕಿಂತ ಮುಖ್ಯವಾಗಿ ತೋಟಾವನ್ನು ಎರಡೂ ಕಡೆಯಿಂದ ಅದುಮಿ ಹಿಡಿದಿರುವ ರೈಲುಗಳನ್ನು ಬದಲಿಸಬೇಕು. ರೈಲನ್ನು ಅರ್ಧ ಮಿ.ಮೀ. ಹೆಚ್ಚು ಕೊರೆದರೆ ತೋಟಾ ಸಮಯಕ್ಕೆ ಮುಂಚೆಯೇ ಮೇಲಕ್ಕೆ ಚಿಮ್ಮುತ್ತದೆ. ಕೊರೆದ ಉಕ್ಕನ್ನು ಮತ್ತೆ ಅಂಟಿಸಲಾಗದು. ಚೆನ್ನಾಗಿದ್ದ ಎಷ್ಟೋ ಆ್ಯಕ್ಷನ್‌ಗಳು ಗುಜರಿಗೆ ಬಿದ್ದಿರುವುದು ಇಲ್ಲಿಯೇ.

ರೂಗರ್ 77 ಮಾರ್ಕ್ 2 ಮತ್ತು ಅದರ ತಮ್ಮ ಹಾಕ್‌ಐಗೂ ಹಿಡಿಯುವ ಕೊಕ್ಕೆ ಇದೆ. ರಿಸೀವರ್ (ಬೋಲ್ಟ್ ಓಡಾಡುವ ಗೂಡು) ಎರಕದ್ದು, ಆದರೆ ಎರಕ ಎಂದು ಮೂಗು ಮುರಿಯಬೇಡಿ, ಬಲದಲ್ಲಿ ಅದಕ್ಕೆ ಕೊರತೆಯಿಲ್ಲ. ದೂರದರ್ಶಕದ ಉಂಗುರ ಕೂರುವ ಗುಣಿ ರಿಸೀವರ್‌ನಲ್ಲೇ ಕಡೆದಿರುವುದರಿಂದ ನಡುವೆ ತಿರುಪು ಸಡಿಲವಾಗುವ ಮಾತಿಲ್ಲ. ಐಬು ಅಂದರೆ ಮುಂದಿನ ತಿರುಪು ನೆಟ್ಟಗಿರದೆ ಓರೆಯಾಗಿದೆ. ಬಿಗಿದಾಗ ಆ್ಯಕ್ಷನ್ನನ್ನು ಕೆಳಕ್ಕೂ ಹಿಂದಕ್ಕೂ ಎಳೆಯುತ್ತದೆ. ಇದನ್ನು ಕೂರಿಸಿ ಗೊತ್ತಿಲ್ಲದ ಬಡಗಿ ಕೆಲಸ ಕೆಡಿಸುತ್ತಾನೆ. .375 ರೂಗರ್‌ಗೆ ಎಡಗೈಯಲ್ಲಿ ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ರೆಮಿಂಗ್ಟನ್ 700, 1962ರದು. ದುಂಡನೆಯ ರಿಸೀವರ್, ಲೇತಿನಲ್ಲಿ ಸರಿಮಾಡುವುದು ಸುಲಭ. ಟ್ರಿಗರ್, ಸ್ಟಾಕ್, ದೂರದರ್ಶಕ ಕೂರಿಸುವ ರೈಲು, ಮ್ಯಾಗಜೀನ್ ಏನು ಕೇಳಿದರೂ ಎಡಗೈಗೂ ಸಿಗುತ್ತದೆ. ಅದರ ಅಳತೆಗೇ ಹೊಸದಾಗಿ ಎಡಗೈ ಆ್ಯಕ್ಷನ್ ಮಾಡುವ ಸಣ್ಣ ಕಾರ್ಖಾನೆಗಳೂ ಇವೆ. ಉದ್ದದ ಆ್ಯಕ್ಷನ್ನಿನಲ್ಲಿ .375 ಎಚ್ ಅಂಡ್ ಎಚ್ ಕೂರುತ್ತದೆ. ನೋಡಬೇಕಾದ್ದು ಎರಡು. ಬೋಲ್ಟಿನ ಹಿಡಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ತೋಟಾ ಬಿಗಿದುಕೊಂಡಾಗ ಗುದ್ದಿ ತೆಗೆಯಹೋದರೆ ಹಿಡಿ ಕೈಗೇ ಬಂದ ಉದಾಹರಣೆಗಳಿವೆ, ಹೊಸ ಬೆಸುಗೆ ಹಾಕಿಸುವುದು ಒಳ್ಳೆಯದು. ಇನ್ನು ಟ್ರಿಗರ್. 2014ರಲ್ಲಿ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ ರೈಫಲ್‌ಗಳನ್ನು ಕಂಪನಿಯೇ ವಾಪಸ್ ಕರೆಸಿಕೊಂಡಿತ್ತು. ಹಳೆಯದನ್ನು ಕೊಳ್ಳುವುದಾದರೆ ಟ್ರಿಗರ್ ಬದಲಿಸುವ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಸ್ಯಾವೇಜ್ 110ಕ್ಕೆ ಎಡಗೈಯವರು ಒಂದು ನಮಸ್ಕಾರ ಹಾಕಬೇಕು. 1958ರಲ್ಲಿ ಬಂದ ರೈಫಲ್, ಮರುವರ್ಷವೇ ಎಡಗೈಗೂ ಬಂತು. ಸಾಮಾನ್ಯರ ಕೈಗೆ ಎಟುಕುವ ಬೆಲೆಗೆ ಕಾರ್ಖಾನೆಯಿಂದ ಬಂದ ಎಡಗೈ ಬೋಲ್ಟ್ ರೈಫಲ್‌ಗಳಲ್ಲಿ ಇದೇ ಮೊದಲ ಸಾಲಿನದು. ನಳಿಗೆಯನ್ನು ಒಂದು ನಟ್ ಬಿಗಿದಿರುತ್ತದೆ, ಗೇಜ್ ಇಟ್ಟು ನಳಿಗೆ ತಿರುಗಿಸಿ ನಟ್ ಕಟ್ಟಿದರೆ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಖಕ್ಕೂ ನಳಿಗೆಯಲ್ಲಿ ತೋಟಾ ಕೂರುವ ಜಾಗಕ್ಕೂ ಇರುವ ಅಂತರ) ಕೂರುತ್ತದೆ. ಬೋಲ್ಟಿನ ತಲೆ ಬೇರೆ ತುಂಡಾದ್ದರಿಂದ ಬೇರೆ ತಳದ ತೋಟಾಗೆ ತಲೆಯನ್ನಷ್ಟೇ ಬದಲಿಸಬಹುದು. ನೋಡಲು ಚೆಂದವಿಲ್ಲ, ಬೋಲ್ಟ್ ಎತ್ತುವಾಗ ಗಡುಸು. ಎಲ್ಕ್ ಬೇಟೆಗೆ, ಕಡಿಮೆ ದುಡ್ಡಿಗೆ, ಕಣ್ಣು ಮುಚ್ಚಿ ಕೊಳ್ಳಬಹುದು.

ಟಿಕ್ಕಾ ಟಿ3ಎಕ್ಸ್ ಬೋಲ್ಟ್ ಬೆಣ್ಣೆಯಂತೆ ಜಾರುತ್ತದೆ, ಎಡಗೈಗೂ ಸಿಗುತ್ತದೆ.  ಆದರೆ ಹಾಗೇ ಕೊಂಡು ಬಳಸಲು ಲೇಸು, ಮೇಲೆ ಕಟ್ಟಲು ಅಲ್ಲ. ವೆದರ್‌ಬಿ ಮಾರ್ಕ್ 5ಕ್ಕೆ ಒಂಬತ್ತು ಲಗ್, ಬೋಲ್ಟ್ 54 ಡಿಗ್ರಿ ಎತ್ತಿದರೆ ಸಾಕು, ಎಡಗೈಯಲ್ಲೂ ಬರುತ್ತದೆ. ದೂಡುವ ಕುಲ, ತೂಕ ಜಾಸ್ತಿ. ಬ್ಲೇಸರ್ ಆರ್8 ಎಡಗೈಗೂ ಉಂಟು. ನೇರ ಎಳೆತ, ಹಿಡಿ ಎತ್ತುವಂತೆಯೇ ಇಲ್ಲ, ನಳಿಗೆಯ ಜೊತೆ ಬೋಲ್ಟಿನ ತಲೆಯನ್ನೂ ಬದಲಿಸಿ .308ರಿಂದ .375ಕ್ಕೆ ಹೋಗಬಹುದು. ಅದನ್ನು ತಂದು ಬೇರೆ ಯಾರಿಂದಲೋ ಕಟ್ಟಿಸುವುದಲ್ಲ, ಅವರ ಮನೆಯದೇ ಎಲ್ಲ. ದುಡ್ಡಿದ್ದು, ಕಾಯುವ ತಾಳ್ಮೆ ಇಲ್ಲದವರಿಗೆ.

ಎಡ ಬಲ ಎಂಬ ಭೇದವೇ ಇಲ್ಲದವು

ರೂಗರ್ ನಂಬರ್ 1ಕ್ಕೆ ಬೋಲ್ಟೇ ಇಲ್ಲ. ಕೆಳಗಿನ ಸನ್ನೆ ಇಳಿಸಿದರೆ ಉಕ್ಕಿನ ದಿಮ್ಮಿ ಕೆಳಗೆ ಜಾರುತ್ತದೆ, ತೋಟಾ ಇಟ್ಟು ಮುಚ್ಚುವುದು. ಸೇಫ್ಟಿ ನಡು ಬೆನ್ನಿನ ಮೇಲೆ, ಯಾವ ಹೆಬ್ಬೆರಳಿಗೂ ಸಿಗುತ್ತದೆ. ಅಷ್ಟೇ ಉದ್ದದ ನಳಿಗೆಯ ಬೋಲ್ಟ್ ರೈಫಲ್‌ಗಿಂತ ಒಟ್ಟು ಉದ್ದ ಸುಮಾರು 10 ಸೆಂ.ಮೀ. ಕಡಿಮೆ. ಸ್ಟಾಕಿನ ಕೆನ್ನೆಯಾಸರೆಯೊಂದನ್ನು ಬಿಟ್ಟರೆ ಎಡಚರಿಗೆ ಬದಲಿಸಲು ಏನೂ ಇಲ್ಲ. ಆದರೆ ಒಂದೇ ಗುಂಡು. ಅಪಾಯದ ಪ್ರಾಣಿಗೆ, ಪಕ್ಕದಲ್ಲಿ ದೊಡ್ಡ ರೈಫಲ್ ಹಿಡಿದ ಮಾರ್ಗದರ್ಶಿ ಇಲ್ಲದೆ, ಬೇಡ. ಮುಂದಿನ ಮರ ನಳಿಗೆಯನ್ನು ಒತ್ತುವ ರೀತಿ ತೇವಕ್ಕೆ ತಕ್ಕಂತೆ ಬದಲಾಗಿ ಗುಂಡು ಜಾಗ ಬದಲಿಸುವುದು ಇದರ ಹಳೇ ಚಾಳಿ, ಕಟ್ಟುವವರು ಅದನ್ನು ಮೊದಲು ಸರಿಮಾಡಬೇಕು.

ಜೋಡಿ ನಳಿಗೆಯ ರೈಫಲ್ ಎರಡೂ ಕೈಗೆ ಸಮ ಎಂಬುದು ಮುಕ್ಕಾಲು ನಿಜ. ಎರಡು ಟ್ರಿಗರ್‌ಗಳಲ್ಲಿ ಮುಂದಿನದನ್ನು ಬಲಗೈ ಬೆರಳಿಗೆ ತಕ್ಕಂತೆ ಸ್ವಲ್ಪ ಬಲಕ್ಕೆ ಕೂರಿಸಿರುತ್ತಾರೆ. ಎಡಗೈಯಲ್ಲಿ ಹಿಂದಿನದನ್ನು ಎಳೆಯುವಾಗ ಮುಂದಿನದು ಬೆರಳಿನ ಬೆನ್ನಿಗೆ ಒತ್ತುತ್ತದೆ, ದೊಡ್ಡ ತೋಟಾದ ಒದೆತಕ್ಕೆ ಚರ್ಮ ಕೀಳುತ್ತದೆ. ಎಡಗೈ ಆರ್ಡರ್ ಎಂದರೆ ಟ್ರಿಗರ್‌ಗಳ ಜಾಗವೂ ಅದಲುಬದಲಾಗಬೇಕು.

ಕಟ್ಟಿಸುವಾಗ ತಪ್ಪುವ ಸಣ್ಣ ಸಂಗತಿಗಳು

ಸ್ಟಾಕಿನ ಹಿಂಭಾಗ ಬಲಗೈಯವರಿಗೆ ಕೊಂಚ ಬಲಕ್ಕೆ ಬಾಗಿರುತ್ತದೆ, ಎಡಚರಿಗೆ ಎಡಕ್ಕೆ ಬಾಗಬೇಕು. ಭುಜಕ್ಕೆ ತಾಗುವ ಕಡೆಯ ಮೇಲಿನ ಮೂಲೆಯಲ್ಲಿ 3ರಿಂದ 6 ಮಿ.ಮೀ., ಕೆಳಗಿನ ಮೂಲೆಯಲ್ಲಿ ಅದಕ್ಕಿಂತ ತುಸು ಹೆಚ್ಚು. ಕೆನ್ನೆಯಾಸರೆ ಬಲ ಮಗ್ಗುಲಿಗೆ. ಬಲಗೈ ಸ್ಟಾಕಿನಲ್ಲಿ ಎಡಗೈ ಆ್ಯಕ್ಷನ್ ಕೂರಿಸುವ ಯೋಚನೆ ಬಿಡಿ, ಬೋಲ್ಟಿನ ಹಿಡಿ ಕೂರುವ ಕಡಿತ, ಕಿಂಡಿಯ ಕಡಿತ ಎಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು.

ದೂರದರ್ಶಕದಲ್ಲಿ ಒಂದು ತಕರಾರಿದೆ, ಕೊಂಡ ಮೇಲಷ್ಟೇ ಗೊತ್ತಾಗುತ್ತದೆ. ಫೋಕಸ್ ತಿರುಗಣೆ ಈಗ ಎಡ ಮಗ್ಗುಲಿಗೆ ಬರುತ್ತದೆ. ಎಡಗೈ ಆ್ಯಕ್ಷನ್ನಿನ ಕಿಂಡಿಯೂ ಎಡಕ್ಕೇ. ಮೇಲಿಂದ ತೋಟಾ ತುಂಬಹೋದರೆ ಬೆರಳ ಗಂಟು ಅದಕ್ಕೆ ತಗಲುತ್ತದೆ, ದಪ್ಪ ಕೈಗವಸು ಹಾಕಿದ್ದರಂತೂ ತೋಟಾ ಒಳಗೆ ಹೋಗುವುದೇ ಇಲ್ಲ. ದೊಡ್ಡ ಬೇಟೆಗೆ ಆ ತಿರುಗಣೆಯ ಅಗತ್ಯವೇ ಇಲ್ಲ, 1ರಿಂದ 4 ಅಥವಾ 6 ಪಟ್ಟಿನ ಸಾದಾ ದೂರದರ್ಶಕ ಹಾಕಿ. ಕಣ್ಣಿಗೂ ಗಾಜಿಗೂ 90 ಮಿ.ಮೀ. ಅಂತರವಾದರೂ ಇರಲಿ. .375ರ ಒದೆತ .30-06ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು, ಅಂತರ ಸಾಲದಿದ್ದರೆ ಹುಬ್ಬು ಸೀಳುವುದು ನಿಶ್ಚಿತ. ನಳಿಗೆಯೊಳಗಿನ ಸುರುಳಿ ಬಲಕ್ಕಿದೆಯೋ ಎಡಕ್ಕಿದೆಯೋ ಎಂದು ಕೆಲವರು ತಲೆ ಕೆಡಿಸಿಕೊಳ್ಳುತ್ತಾರೆ. ಅದು ಎಡಚರಿಗೆ ಯಾವ ವ್ಯತ್ಯಾಸವನ್ನೂ ಮಾಡುವುದಿಲ್ಲ.

ಮರ ಸೀಳುವುದನ್ನು ತಡೆಯಲು ಆ್ಯಕ್ಷನ್ನಿನ ಬಾಲದ (ಹಿಂತುದಿಯ) ಹಿಂದೆ ಅರ್ಧದಿಂದ ಒಂದು ಮಿ.ಮೀ. ಸಂದಿ ಬಿಡಿಸಿ. ಬಿಡದಿದ್ದರೆ ಪ್ರತಿ ಒದೆತಕ್ಕೂ ಬಾಲ ಗೂಟದಂತೆ ಮರಕ್ಕೆ ಹೊಡೆಯುತ್ತದೆ. ಒದೆತವನ್ನು ಮರಕ್ಕೆ ದಾಟಿಸುವ ರಿಕಾಯಿಲ್ ಲಗ್‌ನ ಹಿಂದಿನ ಮುಖ ಮಾತ್ರ ಮರದ ಒಳಗಿನ ಎಪಾಕ್ಸಿಗೆ ಅಪ್ಪಿರಬೇಕು, ಮುಂದೆ, ಪಕ್ಕ, ಕೆಳಗೆ ಸಂದಿ. .375 ಮತ್ತು ಅದಕ್ಕೂ ದೊಡ್ಡದಕ್ಕೆ ಸ್ಟಾಕಿನೊಳಗೆ ಎರಡು ಅಡ್ಡ ಬೋಲ್ಟು ಬೇಕು. ತೂಕವನ್ನು ಬಹಳ ಇಳಿಸಬೇಡಿ. .375ಕ್ಕೆ ದೂರದರ್ಶಕ ಸಮೇತ 4 ಕಿಲೋ ಮೇಲೆ, .416 ರಿಗ್ಬಿಗೆ ನಾಲ್ಕೂವರೆ.

ಕೈಗೆ ಬಂದ ದಿನ ಗುಂಡು ಹೊಡೆಯುವ ಮುಂಚೆ ಮದ್ದಿಲ್ಲದ ಡಮ್ಮಿ ತೋಟಾಗಳನ್ನು ಮ್ಯಾಗಜೀನ್ ತುಂಬಾ ತುಂಬಿ. ಇಪ್ಪತ್ತು ಸಲ ಬಹಳ ನಿಧಾನವಾಗಿ, ಇಪ್ಪತ್ತು ಸಲ ಬಡಿದಂತೆ ವೇಗವಾಗಿ ಬೋಲ್ಟ್ ಆಡಿಸಿ. ನಿಧಾನಕ್ಕೆ ಎಳೆದಾಗಲೇ ಎಡವುವುದು ಕಾಣುತ್ತದೆ. ಮೂತಿ ಮೇಲಕ್ಕೆ, ಕೆಳಕ್ಕೆ, ರೈಫಲ್ ಪಕ್ಕಕ್ಕೆ ವಾಲಿಸಿ ಮತ್ತೆ. ಕೊನೆಯ ತೋಟಾವನ್ನು ಬೇರೆಯಾಗಿ ಗಮನಿಸಿ, ಮೇಲೆ ಒತ್ತಲು ಇನ್ನೊಂದಿಲ್ಲದೆ ಅದು ಚಿಮ್ಮುವ ಸಾಧ್ಯತೆ ಹೆಚ್ಚು. ಹೆಡ್‌ಸ್ಪೇಸ್ ಅಳೆಯುವ ಉಕ್ಕಿನ ಗೇಜುಗಳಲ್ಲಿ ಗೋ ಎಂಬುದರ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಬೋಲ್ಟಿನ ಎರಡೂ ಲಗ್‌ಗಳಿಗೆ ನೀಲಿ ಬಣ್ಣ ಬಳಿದು ಮುಚ್ಚಿ ತೆರೆಯಿರಿ. ಒಂದರ ನೀಲಿ ಅಳಿಸಿ ಇನ್ನೊಂದು ಹಾಗೇ ಉಳಿದಿದ್ದರೆ ಪೂರ್ತಿ ಒತ್ತಡ ಒಂದೇ ಲಗ್ ಮೇಲೆ ಎಂದರ್ಥ, ವಾಪಸ್ ಕಳುಹಿಸಿ.

ಊರಲ್ಲಿರುವ ಎಡಚರಿಗೆ

ತುಮಕೂರು, ಚಿಕ್ಕಬಳ್ಳಾಪುರ ಕಡೆ ಪರವಾನಗಿಯ ಕೋವಿ ಎಂದರೆ ಸಾಮಾನ್ಯವಾಗಿ ಒಂಟಿ ಅಥವಾ ಜೋಡಿ ನಳಿಗೆಯ 12 ಬೋರು, ಅಪರೂಪಕ್ಕೆ ಆರ್ಡ್‌ನೆನ್ಸ್ ಫ್ಯಾಕ್ಟರಿಯ .315 ರೈಫಲ್. ಮಡಿಸುವ 12 ಬೋರು ಎಡಚರಿಗೆ ಒಗ್ಗುತ್ತದೆ, ಸ್ಟಾಕಿನ ಬಾಗು ಮಾತ್ರ ತಪ್ಪು ಕಡೆಗೆ. .315 ಲೀ-ಎನ್‌ಫೀಲ್ಡ್ ವಂಶದ್ದು, ಬಲಗೈ ಬೋಲ್ಟ್ ಬಿಟ್ಟು ಬೇರೆ ಇಲ್ಲ. ಆದರೂ ಅದರ ಹಿಡಿ ಟ್ರಿಗರ್‌ನ ಹತ್ತಿರವೇ ಇದ್ದು, ಎತ್ತುವ ಕೋನವೂ ಕಡಿಮೆಯಾದ್ದರಿಂದ, ಎಡಗೈಯನ್ನು ಮೇಲಿಂದ ಚಾಚಿ ಆಡಿಸುವುದು ಮೌಸರ್‌ಗಿಂತ ಸಲೀಸು.

ಮನೆಯ ಹಿರಿಯರ ಕೋವಿ ಅವರ ನಂತರ ತಾನಾಗಿ ನಿಮ್ಮದಾಗುವುದಿಲ್ಲ. ವಾರಸುದಾರರ ಹೆಸರಿಗೆ ಜಿಲ್ಲಾಧಿಕಾರಿ ಕಚೇರಿಯಿಂದ ಪರವಾನಗಿ ಆಗಬೇಕು, ಅಲ್ಲಿಯವರೆಗೆ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯಲ್ಲೋ ಠೇವಣಿ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಇಡುವಂತಿಲ್ಲ. ಸ್ಟಾಕ್ ಬದಲಿಸಿ ಎಡಗೈಗೆ ಒಗ್ಗಿಸುವ ಕೆಲಸವನ್ನೂ ಪರವಾನಗಿ ಇರುವ ರಿಪೇರಿಯವರಲ್ಲೇ ಮಾಡಿಸಿ, ಕೊಟ್ಟಾಗ ರಸೀದಿಯಲ್ಲಿ ಕೋವಿಯ ನಂಬರ್ ಬರೆಸಿಕೊಳ್ಳಿ. ಚುನಾವಣೆ ಬಂದಾಗ ಠಾಣೆಗೆ ಠೇವಣಿ ಇಡಿ ಎಂದು ಹೇಳಿ ಕಳುಹಿಸಿದರೆ, ಕೋವಿ ರಿಪೇರಿಯಲ್ಲಿದೆ ಎಂಬುದಕ್ಕೆ ತೋರಿಸಲು ಆ ಚೀಟಿ ಬೇಕಾಗುತ್ತದೆ.